ಗಾಳಿಗೂ ಬೇಲಿ

ಗೌಡ್ರ ಮನೆ ಟೀವಿಯನ್ನ ನಾವು ನೋಡಿದ್ದು ಅಂಗಳದಲ್ಲಿ ನಿಂತು, ಕಿಟಕಿ ಸರಳಿನ ಸಂದಿಯಿಂದ. 1987ರ ವಿಶ್ವಕಪ್ಪಿನಲ್ಲಿ ಚೇತನ್ ಶರ್ಮಾ ಮೂರು ಎಸೆತಕ್ಕೆ ಮೂವರನ್ನ ಕೆಡವಿದಾಗ ನಾವೂ ಕೂಗಿದೆವು. 'ಗಲಾಟೆ ಮಾಡಬ್ಯಾಡ್ರಲಾ' ಅಂತ ಕಿಟಕಿ ಮುಚ್ಚಿದರು.

ಆಮೇಲೆ ಕೇರಿಗೂ ಟೀವಿ ಬಂತು. ಅಷ್ಟರಲ್ಲಿ ಆಟ ಕಾಸಿನ ಚಾನೆಲ್ಲಿಗೆ ಹೊರಟಿತ್ತು. 1993ರ ಹೀರೋ ಕಪ್ಪಿಗಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ದೂರದರ್ಶನಕ್ಕೂ ಬಿದ್ದ ಜಗಳದಲ್ಲಿ, ಚಿತ್ರ ಹೊತ್ತು ಬರುವ ಗಾಳಿಯಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಓದಿ ನಕ್ಕೆವು. ಮಹಾಡದ ಕೆರೆಯೂ ಕಾಗದದಲ್ಲಿ ಎಲ್ಲರದೇ ಆಗಿತ್ತಲ್ಲ. ಆ ನೀರು ಮುಟ್ಟೋಕೆ 1927ರಲ್ಲಿ ಬಾಬಾಸಾಹೇಬರು ಜನ ಕಟ್ಟಿಕೊಂಡು ನಡೆಯಬೇಕಾಯಿತು.

2007ರಲ್ಲಿ ವೆಸ್ಟ್ ಇಂಡೀಸ್ ಸರಣಿಯನ್ನು ದೂರದರ್ಶನ ಏಳು ನಿಮಿಷ ತಡವಾಗಿ ತೋರಿಸಲಿ ಅಂದಿತು ದೆಹಲಿ ಹೈಕೋರ್ಟು. ಮೇಲಿನ ಪಂಕ್ತಿ ಎದ್ದ ಮೇಲೆ ನಮ್ಮ ಪಂಕ್ತಿ! ಅದೇ ವರ್ಷ ಕಾಯ್ದೆ ಬಂತು: ದೇಶಕ್ಕೆ ಮುಖ್ಯವಾದ ಆಟದ ಸಿಗ್ನಲ್ಲನ್ನು ಪ್ರಸಾರ ಭಾರತಿಗೆ ಕೊಡಲೇಬೇಕು. ಆದರೆ 2017ರಲ್ಲಿ ಸುಪ್ರೀಂ ಕೋರ್ಟು, ಅದು ದೂರದರ್ಶನದ ಅಂಟೆನಾ, ಫ್ರೀ ಡಿಶ್ಶಿಗಷ್ಟೇ, ಕೇಬಲ್ಲಿಗಿಲ್ಲ ಅಂದಿತು.

ನಮ್ಮ ಕೇರಿಯಲ್ಲಿದ್ದದ್ದು ಕೇಬಲ್ಲು. ತಿಂಗಳ ದುಡ್ಡು ಕಟ್ಟಿ ದೂರದರ್ಶನ ಹಾಕಿದರೆ ಆಟವಿಲ್ಲ. 'ಗಾಳಿಗೂ ಬೇಲಿ ಹಾಕವ್ರಾ?' ಅಂದಳು ಅವ್ವ. ಹುಡುಗರು ಡಿಶ್ಶಿಗೆ ಚಂದಾ ಎತ್ತಿದರು. ತಟ್ಟೆ ಯಾರ ಸೂರಿನ ಮೇಲೆ ಕೂರಿಸೋದು ಅನ್ನೋ ಮಾತು ನಡೆದಿರುವಾಗಲೇ ಸರಣಿ ಮುಗಿಯಿತು.