ಕರೆಂಟ್ ಬಂತು, ಸ್ಪೀಕರ್ ಮಾತಾಡಲಿಲ್ಲ

ಪಾಂಡವಪುರದಲ್ಲಿ ಕರೆಂಟ್ ಹೋಗಿ ಬಂದರೆ ನಮ್ಮನೆ ಸ್ಮಾರ್ಟ್ ಸ್ಪೀಕರ್‌ಗೆ ಮೌನವ್ರತ. "ಎಷ್ಟು ಕೂಗಿದ್ರೂ ಓ ಅನ್ನಾಕಿಲ್ವಲ್ಲ, ಮುನಿಸ್ಕಂಡದೇನ್ಲಾ?" ಅಂತಾರೆ ಅವ್ವ.

ಮುನಿಸೇನಿಲ್ಲ. ಹೆಸರು ಹಿಡಿದು ಕರೆದದ್ದಷ್ಟೇ ಅದಕ್ಕೆ ಸ್ವಂತವಾಗಿ ತಿಳಿಯೋದು. ಮಿಕ್ಕ ಮಾತೆಲ್ಲ ಸಾಮಾನ್ಯವಾಗಿ ನೆಟ್‌ನಲ್ಲಿ ದೂರದ ಸರ್ವರ್‌ಗೆ ಹೋಗಿ, ಅಲ್ಲಿಂದ ಉತ್ತರ ಬರಬೇಕು. ಕರೆಂಟ್ ಬಂದ ತಕ್ಷಣ ರೂಟರ್‌ಗೆ ನೆಟ್ ಸಿಕ್ಕಿರಲ್ಲ. ಅದಕ್ಕೆ ನೆಟ್ ಸಿಗೋವರೆಗೆ ಕಾಯಿರಿ, ಆಮೇಲೆ ಸ್ಪೀಕರ್ ಪ್ಲಗ್ ಕಿತ್ತು ಹಾಕಿ. ಸ್ಪೀಕರ್‌ನಲ್ಲಿ ಕೆಂಪು ದೀಪ ಉರೀತಿದ್ದರೆ ಬಹುಶಃ ಮೈಕ್ ಆಫ್ ಮಾಡೋ ಬಟನ್ ಒತ್ತಿಹೋಗಿದೆ (ನಮ್ಮಲ್ಲಿ ಇದು ಧೂಳು ಒರೆಸುವ ಬಟ್ಟೆಯ ಕೃಪೆ). ವೈಫೈ ಪಾಸ್‌ವರ್ಡ್ ಬದಲಾಗಿದ್ದರೆ ಮೊಬೈಲ್ ಆಪ್‌ನಲ್ಲಿ ಹೊಸದನ್ನು ಕೊಡಿ. ಏನೂ ನಡೆಯದಿದ್ದರೆ ಸ್ಪೀಕರ್ ರೀಸೆಟ್ ಮಾಡಿ, ಆದರೆ ಸೆಟ್ಟಿಂಗ್ ಎಲ್ಲ ಮೊದಲಿಂದ ಮಾಡಬೇಕು.

ಇಷ್ಟೆಲ್ಲ ರಗಳೆ ಯಾಕೆ, ರೇಡಿಯೋ ಇಲ್ಲವೇ? 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಅನ್ನೋ ರೇಡಿಯೋ ಕೇಂದ್ರ ಶುರು ಮಾಡಿದ್ದು ಪಕ್ಕದ ಮೈಸೂರಲ್ಲೇ. ಅವ್ವನ ಸೆಲ್ ರೇಡಿಯೋಗೆ ಈಗಲೂ ಪಾಸ್‌ವರ್ಡ್ ಬೇಡ, ಕರೆಂಟೂ ಬೇಡ. ನನ್ನ ಮತ ಅದಕ್ಕೇ. ಆದರೂ ಸ್ಪೀಕರ್ ಬೇಕೇ ಬೇಕು ಅನ್ನೋರು ರೂಟರ್, ಸ್ಪೀಕರ್ ಎರಡನ್ನೂ ಮನೆಯ ಯುಪಿಎಸ್ ಲೈನ್‌ಗೆ ಹಾಕಿಸ್ಕೊಳ್ಳಿ. ಒಂದನ್ನೇ ಹಾಕಿಸಿದರೆ ಪ್ರಯೋಜನ ಇಲ್ಲ.