ಭಾಗ 6: ಕೀಪರ್‌ನ ಯಾವಾಗ ಎತ್ಕೋಬೇಕು?

ಫೋಟೋದಲ್ಲಿ ಕಾಣ್ತಿರೋದು ನಮ್ಮ ಲೀಗಿನ ನೋಟ್‌ಬುಕ್. ಮೂಲೆ ನೆನೆದಿರೋದು ಮಳೆಗೆ, ಕಣ್ಣೀರಿಗಲ್ಲ.

ಆಲ್ದೂರಲ್ಲಿ ನಾವು ಐದು ಜನ ಪ್ರತಿ ಐಪಿಎಲ್‌ಗೆ ಆಟಗಾರರನ್ನ ಹಂಚ್ಕೋತೀವಿ. ಸರದಿ ಮೇಲೆ ಒಬ್ಬೊಬ್ರಿಗೆ ಒಂದು ಹೆಸರು, ಒಬ್ರು ಎತ್ಕೊಂಡವನು ಇನ್ನೊಬ್ರಿಗೆ ಸಿಗಲ್ಲ. ಎಂಟು ಜನರ ಟೀಮು, ಒಬ್ಬ ಕೀಪರ್ ಕಡ್ಡಾಯ. ಸೋತವರು ಗೆದ್ದವರ ತೋಟದಲ್ಲಿ ಒಂದು ದಿನ ಗೊಬ್ಬರದ ಚೀಲ ಹೊರಬೇಕು. ದುಡ್ಡಿನ ಮಾತಿಲ್ಲ.

ಆ ರೂಲ್ ಬಂದಿದ್ದೇ ನನ್ನಿಂದ. 2024ರಲ್ಲಿ ಅಮ್ಮ ಮೆಣಸು ಮಾರಿ ಕೊಟ್ಟಿದ್ದ ಎಕ್ಸಾಂ ಫೀಸನ್ನ ಒಂದು ಆ್ಯಪ್‌ಗೆ ಹಾಕಿ ಎರಡೇ ವಾರದಲ್ಲಿ ಕಳ್ಕೊಂಡೆ. ಈ ನಾಲ್ಕು ಜನ ಸೇರಿ ಫೀಸ್ ಕಟ್ಟಿದ್ರು. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಿಲ್ಲಿಸೋ ಕಾನೂನು ಬಂದಿದ್ದು 2025ರ ಆಗಸ್ಟಲ್ಲಿ, ನನ್ನ ಪಾಲಿಗೆ ಲೇಟು. ಅಮ್ಮ ಇಲ್ಲಿ ಅಕೌಂಟ್ ಇಟ್ಟಿಲ್ಲ, ಅದಕ್ಕೇ ಧೈರ್ಯವಾಗಿ ಬರೀತಿದೀನಿ.

ಸರಿ, ಕೀಪರ್ ವಿಷಯ. 2025ರಲ್ಲಿ ಮೊದಲ ಸುತ್ತಲ್ಲೇ ರಿಷಭ್ ಪಂತ್‌ನ ಎತ್ಕೊಂಡೆ. ಲಕ್ನೋ 27 ಕೋಟಿ ಕೊಟ್ಟಿತ್ತು, ಐಪಿಎಲ್ ಹರಾಜಿನ ದಾಖಲೆ. ರೇಟು ನೋಡಿ ನಾನೂ ಮರುಳಾದೆ. ಎದುರು ಮನೆ ಹುಡುಗ ಕೊನೇ ಸುತ್ತಲ್ಲಿ ಜಿತೇಶ್ ಶರ್ಮಾ ಹೆಸರು ಬರೆಸಿದಾಗ ಬಿದ್ದೂ ಬಿದ್ದೂ ನಕ್ಕಿದ್ದೆ.

ಸೀಸನ್ ಮುಗಿದಾಗ ಪಂತ್ 269, ಜಿತೇಶ್ 261. ಎಂಟೇ ರನ್ ವ್ಯತ್ಯಾಸ! ನನ್ನ ನಂತರ ಅದೇ ಹುಡುಗ ಆರಿಸಿದ ಸಾಯಿ ಸುದರ್ಶನ್ 759. ಬಿಕಾಂನಲ್ಲಿ ಅವಕಾಶ ವೆಚ್ಚ ಅಂತ ಪಾಠ ಇದೆಯಲ್ಲ, ನನಗೆ ಅದು ಅರ್ಥ ಆಗಿದ್ದು ಆ 490 ರನ್ನಲ್ಲಿ.

ಲೆಕ್ಕ ನೀವೇ ನೋಡಿ. ಹತ್ತು ತಂಡ, ಹತ್ತು ಕೀಪರ್. ನಮಗೆ ಬೇಕಿರೋದು ಐದೇ. ಎಷ್ಟು ತಡ ಮಾಡಿದ್ರೂ ಯಾರಾದ್ರೂ ಉಳಿದೇ ಇರ್ತಾರೆ. ನೋಡಬೇಕಿರೋದು ಅವನು ಎಷ್ಟನೇ ಕ್ರಮಾಂಕದಲ್ಲಿ ಬ್ಯಾಟ್ ಹಿಡೀತಾನೆ ಅಂತ. ಬಟ್ಲರ್ ಥರ ಮೇಲೆ ಬರೋನು (538 ಹೊಡೆದ) ಎರಡು ಮೂರನೇ ಸುತ್ತಲ್ಲಿ ಸಿಕ್ಕಿದ್ರೆ ಬಿಡಬೇಡಿ. ಅವನು ಹೋದ್ನಾ, ಆಮೇಲೆ ಕೊನೇ ಸುತ್ತಿನವರೆಗೂ ಕೀಪರ್ ಕಡೆ ತಿರುಗೂ ನೋಡಬೇಡಿ. ನಿಮ್ಮ ಲೀಗಲ್ಲಿ ಹತ್ತು ಜನ ಇದ್ರೆ ಮಾತ್ರ ಈ ಲೆಕ್ಕ ಉಲ್ಟಾ.

ಮೇ 27ರ ರಾತ್ರಿ ಮರೆಯೋಕಾಗಲ್ಲ. ಹೊರಗೆ ಮಳೆ, ಕರೆಂಟಿಲ್ಲ, ಒಂದು ಮೊಬೈಲಿಗೆ ಐದು ತಲೆ. ಪಂತ್ ಔಟಾಗದೆ 118, ಪಲ್ಟಿ ಬೇರೆ ಹೊಡೆದ. ಆರ್‌ಸಿಬಿಗೆ 228 ಬೇಕು. ಪಾಯಿಂಟ್ ನನ್ನದು, ಆದ್ರೆ ಟೀಮೂ ನಮ್ಮದೇ ಅಲ್ವಾ? ಆಗ ಜಿತೇಶ್ 33 ಎಸೆತಕ್ಕೆ 85 ಹೊಡೆದು, ಇನ್ನೂ ಎಂಟು ಬಾಲ್ ಇದ್ದಾಗಲೇ ಮುಗಿಸಿಬಿಟ್ಟ. ಅತಿ ಜೋರಾಗಿ ಕೂಗಿದ್ದು ನಾನೇ.

ಜೂನಲ್ಲಿ ಮಳೆ ಬಿಟ್ಟ ಒಂದು ದಿನ ಎದುರು ಮನೆ ತೋಟದಲ್ಲಿ ಚೀಲ ಹೊತ್ತೆ. ಬೇಲಿ ಆಚೆಯಿಂದ ಅಮ್ಮ, "ನಮ್ಮ ತೋಟಕ್ಕೆ ಕರೆದ್ರೆ ಸೊಂಟ ನೋವು, ಅಲ್ಲಿ ಹೊರ್ತೀಯಾ?" ಅಂದ್ರು. ಫೀಸಿಗೆ ಹೆಚ್ಚು ದುಡ್ಡು ಹಾಕಿದ್ದು ಈ ಮನೆ ಹುಡುಗನೇ ಅಂತ ಹೇಳೋಕಾಗ್ಲಿಲ್ಲ. ಇನ್ನೊಂದು ಚೀಲ ಎತ್ಕೊಂಡೆ.