ಒಪ್ಪಿದ್ಲೋ, ಸುಮ್ಮಾದ್ಲೋ?

ನಮ್ಮ ಮನಿಗಳೊಳಗ ದಿನಕ್ಕ ಒಂದ ಸರ್ತಿಯಾದ್ರೂ ಕಿವಿಗೆ ಬೀಳೋ ಇಂಗ್ಲೀಷ್ ಶಬ್ದ ಯಾವದು ಹೇಳ್ರಿ ನೋಡೋಣು? ಗ್ಯಾಸು, ಮಿಕ್ಸರು, ಚಾರ್ಜರು ಬಿಟ್ಟು ಹೇಳಬೇಕ ಮತ್ತ. ನನಗನಿಸೋ ಮಟ್ಟಿಗೆ ಅದು ‘ಕನ್ವಿನ್ಸ್’. “ಅವರಿಗೆ ಎಷ್ಟ ಕನ್ವಿನ್ಸ್ ಮಾಡಿದೆ, ಕೇಳಲೇ ಇಲ್ಲ ನೋಡ್ರಿ” ಅಂತ ನಮ್ಮ ವೈನಿ ಅಂತಾರ. “ಅಪ್ಪಗ ಕನ್ವಿನ್ಸ್ ಮಾಡ್ಲಿಕತ್ತೀನಿ” ಅಂತ ಬಾಜೂ ಮನಿ ಹುಡುಗಿ ಅಂತಾಳ.

ಹೋದ ವರ್ಷ ಮಗಳ ಕಡೆ ಇಂಗ್ಲಂಡಿಗೆ ಹೋಗಿ ಐದು ತಿಂಗಳು ಇದ್ದು ಬಂದ್ವಿ. ಆಕಿ ಗೆಳತಿಯೊಬ್ಬಾಕಿ ಅಲ್ಲಿಯಾಕೀನ, ಸಾಲ್ಯಾಗ ಟೀಚರ್ ಇದ್ದಾಳ. ಒಂದಿನ ಚಹಾಕ್ಕ ಬಂದಾಗ ನಮ್ಮ ಮನಿಯವರು ತಮ್ಮ ಇಂಗ್ಲೀಷಿನಾಗ “ನಮ್ಮ ಅಣ್ಣಗ ಊರ ಮನಿ ಮಾರಬ್ಯಾಡ ಅಂತ ಭಾಳ ಕನ್ವಿನ್ಸ್ ಮಾಡಿದೆ, ಆದ್ರ ಅಂವ ಒಪ್ಪಲಿಲ್ಲ” ಅಂದ್ರು. ಆ ಹುಡುಗಿ ಕಪ್ಪು ಕೈಯಾಗ ಹಿಡಕೊಂಡು, “ಹಂಗಾದ್ರ ಅವರು ಒಪ್ಪಿದ್ರೋ, ಒಪ್ಪಲಿಲ್ಲೋ?” ಅಂತ ಕೇಳಿದ್ಲು. ಇವರು “ಒಪ್ಪಲಿಲ್ಲ ಅಂದ್ನೆಲ್ಲಾ” ಅಂದ್ರು. ಆಕಿಗೆ ತಿಳೀಲಿಲ್ಲ. ಯಾಕಂದ್ರ ಅವರೊಳಗ ‘ಕನ್ವಿನ್ಸ್ ಮಾಡಿದೆ’ ಅಂದ್ರ ಕೆಲಸ ಮುಗಿಧಂಗ. ಎದುರಿನವರು ಒಪ್ಪಿದ ಮ್ಯಾಲೇ ಆ ಮಾತು ಬಾಯಾಗ ಬರಬೇಕು. ಅಲ್ಲೀತನಕ ‘ಮಾಡಲಿಕ್ಕೆ ನೋಡಿದೆ’ ಅನಬೇಕು.

ನಮ್ಮ ಕನ್ನಡದಾಗೂ ‘ಒಪ್ಪಿಸಿದೆ, ಆದ್ರ ಒಪ್ಪಲಿಲ್ಲ’ ಅಂದ್ರ ಬ್ಯಾಳಿ ಬೇಯಿಸಿದೆ ಆದ್ರ ಬೇಯಲಿಲ್ಲ ಅಂಧಂಗ ಆಗ್ತದ. ‘ತಿಳಿಸಿ ಹೇಳಿದೆ, ಆದ್ರೂ ಕೇಳಲಿಲ್ಲ’ ಅಂದ್ರ ಮಾತ್ರ ಸರಿ. ಅಂದ್ರ ನಾವು ಅವರ ಶಬ್ದ ತಂದು ನಮ್ಮ ‘ತಿಳಿಸಿ ಹೇಳೋದರ’ ಜಾಗಾದಾಗ ಕೂಡಿಸೇವಿ.

ಅವರ ಹಂತ್ಯಾಕ ಈ ಕೆಲಸಕ್ಕ ಶಬ್ದ ಭಾಳ ಅವ ನೋಡ್ರಿ. ‘ಅರ್ಜ್’ ಅಂದ್ರ ಒತ್ತಿ ಹೇಳೋದು, ಎದುರಿನವರು ಕೇಳಿದ್ರೋ ಬಿಟ್ರೋ ಅದರಾಗ ಬರೂದಿಲ್ಲ. ‘ಪರ್ಸ್ವೇಡ್’ ಅಂದ್ರ ಹೇಳಿ ಕೆಲಸಕ್ಕ ಹಚ್ಚೋದು. ‘ಕನ್ವಿನ್ಸ್’ ಅಂದ್ರ ಮನಸ್ಸಿಗೆ ಹೌದು ಅನಿಸೋದು. ಹಳೇ ವ್ಯಾಕರಣದವರು ಇವೆರಡನ್ನೂ ಬ್ಯಾರೆ ಬ್ಯಾರೆ ಇಡ್ರಿ ಅಂತಿದ್ರಂತ, ಈಗ ಕೂಡೇ ಹೋಗ್ಯಾವ. ಇನ್ನ ‘ಟಾಕ್ ಇನ್‌ಟು’ ಅಂದ್ರ ಒಲ್ಲೆ ಅನ್ನೋರನ್ನ ಮಾತಿನಾಗ ಹಿಡದು ಹೂಂ ಅನಿಸೋದು. ‘ಗಿವ್ ಇನ್’ ಅಂದ್ರ ಒಪ್ಪದೇ ಸಾಕಾಗಿ ಬಿಟ್ಟುಕೊಡೋದು.

ಮಗಳು ಡಿಕ್ಷನರಿ ತಗದು ತೋರಿಸಿದ್ಲು. ಕನ್ವಿನ್ಸ್ ಅನ್ನೋದರ ಲ್ಯಾಟಿನ್ ಬೇರಿನಾಗ ‘ಗೆಲ್ಲೋದು’ ಅದ. ಪರ್ಸ್ವೇಡ್ ಅನ್ನೋದರ ಬೇರು ‘ಸಿಹಿ’ ಅನ್ನೋದಕ್ಕ ಸಂಬಂಧ, ನಮ್ಮ ‘ಸ್ವಾದ’ಕ್ಕ ದೂರದ ಬಳಗ. ಒಂದರಾಗ ಗೆಲುವು, ಇನ್ನೊಂದರಾಗ ಸಿಹಿ. ನಮ್ಮ ಮನಿಗಳೊಳಗ ನಡಿಯೋದು ಯಾವದು ಅಂತ ನೀವ ವಿಚಾರ ಮಾಡ್ರಿ.

‘ಆರ್ಗ್ಯು’ ಅನ್ನೋದಂತೂ ಎರಡ ಮುಖದ್ದು. ಯಾರ ‘ಜೋಡಿ’ ಆರ್ಗ್ಯು ಮಾಡಿದ್ರ ಅದು ಜಗಳ. ‘ಹಿಂಗ ಅದ ಅಂತ’ ಆರ್ಗ್ಯು ಮಾಡಿದ್ರ ಅದು ಕಾರಣ ಕೊಟ್ಟು ಮಾತಾಡೋದು. ಒಂಬತ್ತ ವರ್ಷದ ಮೊಮ್ಮಗಗ ಸಾಲ್ಯಾಗ ಹೆಡ್ ಟೀಚರಿಗೆ ಪತ್ರ ಬರೀಲಿಕ್ಕೆ ಹಚ್ಚಿದ್ರು, ಆಟದ ವ್ಯಾಳ್ಯಾ ಯಾಕ ಹೆಚ್ಚ ಮಾಡಬೇಕು ಅಂತ ಕಾರಣ ಕೊಟ್ಟು ಒಪ್ಪಿಸೋ ಪತ್ರ. ಅಲ್ಲಿ ಸಾಲ್ಯಾಗ ಇದೂ ಒಂದ ಪಾಠ! ಅಂವ ಅದನ್ನ ಕಲತು ಬಂದು ರಾತ್ರಿ ಮಲಗೋ ವ್ಯಾಳ್ಯಾದ್ದ ಮ್ಯಾಲೆ ಸುರು ಮಾಡಿದಾಗ, ನನ್ನ ಮಗಳು “ನನ್ನ ಜೋಡಿ ಆರ್ಗ್ಯು ಮಾಡಬ್ಯಾಡ” ಅಂತ ಒದರಿದ್ಲು. ಎಲ್ಲಾ ದೇಶದಾಗೂ ಅವ್ವಂದಿರು ಅವ್ವಂದಿರ ಬಿಡ್ರಿ.

ಮಗಳ ಕಪಾಟಿನಾಗ ಜೇನ್ ಆಸ್ಟೆನ್ ಬರದ ‘ಪರ್ಸ್ವೇಷನ್’ ಅನ್ನೋ ಕಾದಂಬರಿ ಇತ್ತು. 1817ರಾಗ, ಆಕಿ ತೀರಿಕೊಂಡು ಐದು ತಿಂಗಳಾದ ಮ್ಯಾಲೆ ಬಂದದ್ದು. ಮಗಳು ಕಥಿ ಹೇಳಿದ್ಲು. ಆ್ಯನ್ ಅನ್ನೋ ಹುಡುಗಿ ಹತ್ತೊಂಬತ್ತರಾಗ ಒಬ್ಬ ನೌಕಾಪಡೆಯವನನ್ನ ಒಪ್ಪಿರ್ತಾಳ. ರೊಕ್ಕಿಲ್ಲಾ, ಮುಂದಿಂದು ಏನೂ ಖಾತ್ರಿ ಇಲ್ಲಾ ಅಂತ ಆಕಿ ಸತ್ತ ತಾಯಿ ಗೆಳತಿ ತಿಳಿಸಿ ಹೇಳಿ ಬಿಡಸ್ತಾಳ. ಎಂಟ ವರ್ಷ ಹೋಗಿಬಿಡ್ತಾವ. ಹೇಳಿದಾಕಿ ಕೆಟ್ಟಾಕಿ ಅಲ್ಲ, ಪ್ರೀತೀಲೇ ಹೇಳಿದ್ಲು. ಅದಕ್ಕ ಆ ಕಥಿ ನನ್ನ ಮನಸ್ಸಿನಾಗ ಉಳೀತು.

ಯಾಕಂದ್ರ ಪಿಯುಸಿ ಮುಗಿದಾಗ ನಾನೂ ಬಿ.ಎ. ಫಾರ್ಮು ತಂದು ಟ್ರಂಕಿನಾಗ ಇಟ್ಟಿದ್ದೆ. ಮೂರು ದಿನ ಮನ್ಯಾಗ ಎಲ್ಲಾರೂ ಹೇಳಿದ್ರು. ಅಜ್ಜಿ ಅತ್ಲು, ಕಾಕಾ ಲೆಕ್ಕಾ ಹೇಳಿದ್ರು. ನಾ ಒಂದು ಕಾರಣ ಹೇಳಲಿಕ್ಕೆ ಬಾಯಿ ತಗದ್ರ “ಎದುರುತ್ತರ ಕೊಡಬ್ಯಾಡ” ಅಂದ್ರು. ನಾಕನೇ ದಿನ ಸುಮ್ಮಾದೆ. “ತಿಳಿಸಿ ಹೇಳಿದ್ವಿ, ಹುಡುಗಿ ಶಾಣ್ಯಾ, ಒಪ್ಪಿದ್ಲು” ಅಂತ ಬಳಗಕ್ಕೆಲ್ಲಾ ಸುದ್ದಿ ಹೋತು. ನಾ ಒಪ್ಪಿರಲಿಲ್ರಿ. ಸುಮ್ಮಾಗಿದ್ದೆ. ಇದಕ್ಕ ಬ್ಯಾರೆ ಶಬ್ದ ಅದ ಅಂತ ತಿಳೀಲಿಕ್ಕೆ ಇಷ್ಟ ವರ್ಷ ಬೇಕಾತು.

ಇದನ್ನೆಲ್ಲಾ ಈಗ ಯಾಕ ಹೇಳ್ಲಿಕತ್ತೀನಿ ಅಂದ್ರ, ನಮ್ಮ ತಂಗಿ ಮಗಳ ಲಗ್ನದ ಮಾತು ನಡದದ. ಹುಡುಗನ ಮನಿಯವರು ಆಕಿ ಪುಣೆದಾಗಿನ ನೌಕರಿ ಬಿಡಬೇಕು ಅಂದಾರ. ತಂಗಿ ಫೋನ್ ಮಾಡಿ “ಕನ್ವಿನ್ಸ್ ಮಾಡೇವಕ್ಕಾ, ಆಕಿದೇನೂ ತಕರಾರಿಲ್ಲ” ಅಂದ್ಲು. ಮರುದಿನ ಹುಡುಗಿಗೆ ನಾನ ಫೋನ್ ಹಚ್ಚಿ, “ನೀ ಒಪ್ಪೀಯೋ, ಸುಮ್ಮಾಗೀಯೋ? ಇಷ್ಟ ಹೇಳು” ಅಂದೆ. ಭಾಳ ಹೊತ್ತು ಮಾತಿಲ್ಲ. ಆಮ್ಯಾಲೆ “ಸುಮ್ಮಾಗೀನಿ, ಮೌಶಿ” ಅಂದ್ಲು.

ತಂಗಿಗೆ ಹೇಳಿದೆ. ಈಗ ಆಕಿ ನನ್ನ ಮ್ಯಾಲೆ ಸಿಟ್ಟಾಗ್ಯಾಳ, ಆಗ್ಲಿ. ಮುಂದಿನ ವಾರ ಹುಡುಗಿ ಊರಿಗೆ ಬರ್ತಾಳ. ಒಂದ ತಾಸು ಆಕಿ ಕಾರಣ ಹೇಳ್ತಾಳ, ನಡುವ ಯಾರೂ ‘ವಾದಾ ಮಾಡಬ್ಯಾಡ’ ಅನಬಾರದು, ಅಂತ ತಂಗಿ ಗಂಡನ ಮುಂದ ಮಾತಾಗ್ಯದ. ಅಷ್ಟಕ್ಕ ಅವರೂ ಹೂಂ ಅಂದಾರ. ಲಗ್ನ ಆಗಬಹುದು, ಬಿಡಬಹುದು, ಹುಡುಗನ ಮನಿಯವರ ನೌಕರಿಗೆ ಒಪ್ಪಬಹುದು.

ನಿಮ್ಮ ಮನ್ಯಾಗೂ ಯಾರರೆ “ಹುಡುಗಿಗೆ ಕನ್ವಿನ್ಸ್ ಮಾಡೇವಿ” ಅಂದ್ರ ಹೌದಾ ಅಂತ ಸುಮ್ಮನಿರಬ್ಯಾಡ್ರಿ. ಹುಡುಗೀನ ಒಬ್ಬಾಕಿನ್ನ ಅಡಗಿಮನಿಗೆ ಕರದು ಕೇಳ್ರಿ.